ಅಲ್ಪವ್ಯಯ ವಿವಾಹ ಮೀಮಾಂಸೆ

ಕಡಿಮೆ ಖರ್ಚಿನ ಮದುವೆ ಎಂಬುದು ನಿಶ್ಚಿತಾರ್ಥದ ಸಂಜೆ ಹುಟ್ಟಿ, ಛತ್ರಕ್ಕೆ ಮುಂಗಡ ಕೊಟ್ಟ ದಿನ ಲಯವಾಗುವ ಪದಾರ್ಥ. ‘ಸಿಂಪಲ್ಲಾಗಿ ಮುಗಿಸಿಬಿಡೋಣ’ ಎಂಬುದು ಅದರ ಲಕ್ಷಣವಾಕ್ಯ. ಇಲ್ಲಿ ‘ಸಿಂಪಲ್’ ಶಬ್ದಕ್ಕೆ ಹೆಣ್ಣಿನ ತಂದೆಯ ಮತದಲ್ಲಿ ಇನ್ನೂರು ಎಲೆ, ತಾಯಿಯ ಮತದಲ್ಲಿ ನಾನೂರು, ಬೀಗರ ಮತದಲ್ಲಿ ‘ನಮ್ಮ ಕಡೆಯವರೇ ಇನ್ನೂರೈವತ್ತು ಆಗ್ತಾರೆ’. ಮೂವರೂ ಒಂದೇ ಶಬ್ದ ಬಳಸುವುದರಿಂದ ಮಾತುಕತೆಯ ದಿನ ಭಿನ್ನಾಭಿಪ್ರಾಯ ಕಾಣುವುದಿಲ್ಲ. ಅದು ಕಾಣುವುದು ಎರಡನೆಯ ಪಂಕ್ತಿಗೆ ಅನ್ನ ಸಾಲದೆ ಹೋದಾಗ.

ಎಲೆಯೇ ಈ ಶಾಸ್ತ್ರದ ಪರಮಾಣು. ಅಡುಗೆ ಭಟ್ಟರು ಎಲೆಗಿಷ್ಟು ಎಂದು ದರ ಹೇಳುತ್ತಾರೆ. ಚಿರೋಟಿ ಬೇಡ ಎಂದರೆ ತಕ್ಷಣ ‘ಆಯ್ತು’ ಎನ್ನುತ್ತಾರೆ. ಒಂದು ಸಲ ಎಲೆಯಡಿಕೆ ಮೆದ್ದು ‘ಹಂಗಾದ್ರೆ ಹೋಳಿಗೆ ಹಾಕ್ಬಿಡೋಣ’ ಎನ್ನುತ್ತಾರೆ. ಒಂದು ಸಿಹಿಯ ಅಭಾವವೇ ಇನ್ನೊಂದು ಸಿಹಿಗೆ ಕಾರಣವೆಂಬುದು ಇದರಿಂದ ಸಿದ್ಧ. ಛತ್ರದ ಬಾಡಿಗೆ ಕೇವಲ ಪೀಠಿಕೆ. ಕರೆಂಟು ಮೀಟರಿನ ಲೆಕ್ಕ, ಗ್ಯಾಸು, ಕ್ಲೀನಿಂಗು ಎಂಬ ಮೂಲಗ್ರಂಥ ಕೀಲಿಕೈ ವಾಪಸು ಕೊಡುವಾಗ ತೆರೆದುಕೊಳ್ಳುತ್ತದೆ.

ಪೂರ್ವಪಕ್ಷ: 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿಯಿರುವ ಸಂಪ್ರದಾಯದಲ್ಲಿ ಏಳನೆಯ ಹೆಜ್ಜೆ ಇಟ್ಟೊಡನೆ ಮದುವೆ ಪೂರ್ಣ. ಏಳು ಹೆಜ್ಜೆಗೆ ಮನೆಯ ಹಜಾರ ಸಾಕು, ಹಾಗಾದರೆ ಛತ್ರವೇಕೆ? ಉತ್ತರ: ವಧೂವರರ ಹೆಜ್ಜೆಗಲ್ಲ, ಉಳಿದವರ ಹೆಜ್ಜೆಗೆ. 1966ರಲ್ಲಿ ಕುವೆಂಪು ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಿಂದ ನೆರವೇರಿಸಿದ್ದು, 1972ರಿಂದ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತಿರುವುದು ಈ ಶಾಸ್ತ್ರಕ್ಕೆ ಬಲವಾದ ಬಾಧಕಗಳು. ಎರಡನ್ನೂ ಎಲ್ಲರೂ ಮೆಚ್ಚುತ್ತಾರೆ. ಮೆಚ್ಚುವುದು ಸಾಮಾನ್ಯವಾಗಿ ಬೇರೆಯವರ ಮಗಳ ಮದುವೆಯಲ್ಲಿ, ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳುವಾಗ.

ಸೀರೆಯ ಪ್ರಕರಣದಲ್ಲಿ ಅನವಸ್ಥಾದೋಷವಿದೆ. ಹಿರಿಯ ಸೋದರತ್ತೆಗೆ ಸೀರೆ ಕೊಟ್ಟರೆ ಕಿರಿಯಾಕೆಗೆ ಕೊಡಬೇಕು. ಅವಳಿಗೆ ಕೊಟ್ಟರೆ ಚಿಕ್ಕಮ್ಮನಿಗೆ. ಚಿಕ್ಕಮ್ಮನಿಗೆ ಬರೀ ಕುಪ್ಪಸದ ಕಣವಾದರೆ ಆಕೆ ಏನೂ ಅನ್ನುವುದಿಲ್ಲ, ಮುಂದಿನ ಹನ್ನೆರಡು ವರ್ಷ. ಈ ಸರಪಳಿ ಕಡಿಯುವ ಉಪಾಯ ಯಾವ ಆಚಾರ್ಯರಿಗೂ ಹೊಳೆದಿಲ್ಲ.

ಲಗ್ನಪತ್ರಿಕೆಯ ಮುದ್ರಣ ಉಳಿಸಲು ವಾಟ್ಸ್ಆ್ಯಪ್ ಪ್ರಯೋಗವುಂಟು. ಅದಕ್ಕೆ ದೊಡ್ಡಪ್ಪನ ಭಾಷ್ಯ: ‘ಫೋನಲ್ಲಿ ಕರೆದ್ರೆ ಊಟಾನೂ ಫೋನಲ್ಲೇ ಮಾಡ್ತೀವಿ ಬಿಡಪ್ಪ.’ ಕಡೆಗೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾರ್ಡೇ ಅಚ್ಚಾಗಿ, ಮನೆಮನೆಗೆ ಹಂಚುವಷ್ಟರಲ್ಲಿ ಮುದ್ರಣಕ್ಕಿಂತ ಪೆಟ್ರೋಲು ಮುಂದಿರುತ್ತದೆ.

ಆದಾಯದ ಕಡೆ ಇರುವುದು ಮುಯ್ಯಿ. ಛತ್ರದ ಬಾಗಿಲಲ್ಲಿ ಲೆಕ್ಕಕ್ಕೆ ಗಟ್ಟಿಗನಾದ ಭಾವಮೈದುನ ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು ಕೂರುತ್ತಾನೆ: ‘ತಿಪಟೂರು ಅತ್ತೆ 501, ಎದುರುಮನೆ 101, ಆಫೀಸಿನವರು ಕುಕ್ಕರ್, ಹೆಸರಿಲ್ಲ 50.’ ಇದು ಆದಾಯವೆಂದು ಭ್ರಮಿಸುವವರುಂಟು, ನಿಜದಲ್ಲಿ ಸಾಲ. 501 ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಇದೇ ಪುಟ ತೆಗೆದು ನೋಡಿ, ಮೇಲೆ ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ‘ಹೆಸರಿಲ್ಲ 50’ ಮಾತ್ರವೇ ಶುದ್ಧ ಲಾಭ.

ಕೊನೆಯದು ಗೋಡೆಗಡಿಯಾರಗಳು. ಇವು ಬಣ್ಣದ ಕಾಗದ ಬಿಚ್ಚಿಸಿಕೊಳ್ಳದೆ ಅಟ್ಟ ಸೇರಿ, ಮುಂದಿನ ಮದುವೆಗಳಿಗೆ ಉಡುಗೊರೆಯಾಗಿ ಹೊರಡುತ್ತವೆ. ಹೊರಡುವ ಮುನ್ನ ಕೊಟ್ಟವರ ಹೆಸರಿನ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೀಳಬೇಕು. ಅವಸರದಲ್ಲಿ ಕಿತ್ತು, ಕೊಟ್ಟವರಿಗೇ ತಿರುಗಿ ಕೊಟ್ಟ ಉದಾಹರಣೆಗಳಿವೆ.