ಜುಗ್ಗನೆಂಬ ಬಿರುದು

ನಮ್ಮ ಬಂಧುಬಳಗದಲ್ಲಿ ನನಗೆ ‘ಜುಗ್ಗ’ ಎಂಬ ಬಿರುದು ಬಂದು ಬಹಳ ಕಾಲವಾಯಿತು. ಇದಕ್ಕೆ ಅರ್ಜಿ ಬೇಡ, ಶಿಫಾರಸು ಬೇಡ. ಖಾಲಿ ಕೋಣೆಯ ಫ್ಯಾನು ಆರಿಸಿದರೆ ಸಾಕು.

ತಮಾಷೆಯೆಂದರೆ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಸರ್ ಎಂ. ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಯ ಕಥೆ (ಸರ್ಕಾರಿ ಕೆಲಸಕ್ಕೆ ಸರ್ಕಾರದ್ದು, ಸ್ವಂತ ಕೆಲಸಕ್ಕೆ ತಮ್ಮದು) ಹೇಳಿ ಗಂಟಲುಬ್ಬಿಸಿಕೊಳ್ಳುವವರೂ ಇದೇ ಬಂಧುಗಳು. ಅವರು ಸರ್ಕಾರದ ಬತ್ತಿ ಆರಿಸಿದರೆ ಆದರ್ಶ, ನಾನು ನನ್ನದೇ ಟ್ಯೂಬ್‌ಲೈಟ್ ಆರಿಸಿದರೆ ಜಿಪುಣತನ! ಅಮೆರಿಕದ ಕುಬೇರ ವಾರನ್ ಬಫೆಟ್ 1958ರಲ್ಲಿ ಒಮಾಹಾದಲ್ಲಿ ಕೊಂಡ ಮನೆಯನ್ನೇ ನೆಚ್ಚಿಕೊಂಡರೆ ಅದು ಸರಳತೆ. ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿಬೇಳೆ ತುಂಬಿಟ್ಟರೆ ಪಿಟ್ಟಾಸಿ. ಕೋಟಿಗಟ್ಟಲೆ ಇದ್ದವರಿಗೆ ಮಾತ್ರ ಉಳಿಸುವ ಹಕ್ಕು ಎಂದಾಯಿತು.

ಮೊನ್ನೆ ಭಾವಮೈದ ಬಂದಿದ್ದ. ಬಂದವನೇ, “ಏನ್ ಭಾವ, ಇನ್ನೂ ಅದೇ ಡಕೋಟಾ ಸ್ಕೂಟರಾ? ಹೋಗುವಾಗ ದುಡ್ಡು ಹೊತ್ಕೊಂಡು ಹೋಗ್ತೀರಾ?” ಎಂದ, ಬೀದಿಗೆಲ್ಲ ಕೇಳುವಂತೆ.

“ಇಲ್ಲಪ್ಪ, ಕಂತು ಹೊತ್ಕೊಂಡು ಹೋಗೋಕೂ ಇಷ್ಟ ಇಲ್ಲ” ಎಂದೆ. ಅವನ ಹೊಸ ಕಾರಿಗೆ ಏಳು ವರ್ಷದ ಕಂತು.

ನಕ್ಕ. ಕಾಫಿ ಕುಡಿದ, ಕೋಡುಬಳೆ ತಟ್ಟೆ ಖಾಲಿ ಮಾಡಿದ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಪಿಸುಗುಟ್ಟಿದ: “ಭಾವ, ಒಂದೈದು ಸಾವಿರ ಇದ್ರೆ... ಸಂಬಳ ಆದ ತಕ್ಷಣ ಕೊಡ್ತೀನಿ.”

ಟೀಕೆ ಯಾವಾಗಲೂ ತಾರಸ್ಥಾಯಿ, ಸಾಲ ಮಂದ್ರ. ಕೊಟ್ಟೆ, ಬಿಡಿ, ಹೆಂಡತಿ ಅಡುಗೆಮನೆಯಿಂದ ನೋಡುತ್ತಿದ್ದಳು.

ನಿಮ್ಮನ್ನೂ ಯಾರಾದರೂ ಜುಗ್ಗ ಎಂದರೆ ವಾದಕ್ಕಿಳಿಯಬೇಡಿ, ಕಾಫಿ ಕೊಡಿ. ಸಾಲ ಕೇಳಿದಾಗ ಮಾತ್ರ ವಾಪಸಿನ ತಾರೀಕು ಬರೆಸಿಕೊಳ್ಳುವುದನ್ನು ಮರೆಯಬೇಡಿ.