ಚದುರಂಗಾಧಿಕಾರ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ, ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳ ಸಂಬಂಧವೇನು ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ನಮ್ಮ ಪೂರ್ವಾಚಾರ್ಯರ ಸಂಪ್ರದಾಯ. ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್ ಎಂಬ ಶಾಸ್ತ್ರದಲ್ಲಿ ವಿಷಯವು 64 ಮನೆಗಳೊಳಗೆ ಅಡಗಿದೆ. ಪ್ರಯೋಜನವು ಒಬ್ಬನಿಗೆ ಬಿರುದು, ಮಿಕ್ಕವರಿಗೆ ಬೆನ್ನುನೋವು. ಸಂಬಂಧದ ಮಾತನ್ನು ಆಟಗಾರನ ಮನೆಯವರಲ್ಲಿ ಕೇಳಿ ತಿಳಿಯುವುದು ಲೇಸು. ಉಳಿದುದು ಅಧಿಕಾರಿಯ ಪ್ರಶ್ನೆ. ಆ ಸಭಾಂಗಣದಲ್ಲಿ ಹೋಗಿ ಕುಳ್ಳಿರಲು ಅರ್ಹನಾರು? ಹಲಸೂರು ಕೆರೆಯ ಬದಿಯಲ್ಲಿ ಹಲವು ಸಂಜೆಗಳನ್ನೂ, ಅಷ್ಟೇ ಸಂಖ್ಯೆಯ ಕಡಲೆಕಾಯಿ ಪೊಟ್ಟಣಗಳನ್ನೂ ವ್ಯಯಿಸಿ ನಾನು ಈ ಪ್ರಶ್ನೆಯನ್ನು ಮಥಿಸಿದ್ದೇನೆ.

ಪೂರ್ವೇತಿಹಾಸವನ್ನು ನೋಡಿದರೆ, ಹನ್ನೆರಡನೆಯ ಶತಮಾನದಲ್ಲಿಯೇ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಚತುರಂಗವನ್ನು ವಿವರಿಸಿರುವನು. ಈತನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೇ ಹೊರತು ನಮ್ಮ ಹಲಸೂರಿನ ಗುಡಿಯ ಸೋಮೇಶ್ವರನಲ್ಲ. ನೆರೆಮನೆಯ ಹಿರಿಯರೊಬ್ಬರು ಈ ಭೇದವನ್ನು ಇಂದಿಗೂ ಒಪ್ಪಿಕೊಂಡಿಲ್ಲ. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ, ಒಮ್ಮೆ ಮೆಟ್ಟಿದ ಮನೆಯನ್ನು ಮರಳಿ ಮೆಟ್ಟದಂತೆ, ಹಾಸಿನ ಎಲ್ಲ ಮನೆಗಳಲ್ಲಿಯೂ ನಡೆಸಿ ಬಂಧಗಳನ್ನು ರಚಿಸಿದರು. ಕೃಷ್ಣರಾಜನೆಂಬ ಹೆಸರನ್ನೇ ಹೊತ್ತ ಕೆ.ಆರ್. ಪುರದಿಂದ ಶಿವಾಜಿನಗರದವರೆಗೆ ಸಾಮಾನ್ಯ ಮನುಷ್ಯನು ಅದೇ ವೃತ್ತವನ್ನು ಎರಡು ಸಲ ಸುತ್ತದೆ ಬಂದು ಸೇರಿದ ದೃಷ್ಟಾಂತವು ನನಗೆ ದೊರೆತಿಲ್ಲವಾದುದರಿಂದ, ಆ ಸಾಧನೆಯ ಹಿರಿಮೆಯನ್ನು ಪೂರ್ವ ಬೆಂಗಳೂರಿನವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಈ ಇಬ್ಬರು ಪ್ರಭುಗಳೂ ಅರ್ಹತಾ ಸುತ್ತನ್ನು ಆಡಿದವರಲ್ಲ. ಅರಮನೆಯು ಸ್ವಂತದ್ದಾಗಿದ್ದರೆ ಪ್ರವೇಶಪತ್ರದ ಗೊಡವೆಯಿಲ್ಲ.

ಪ್ರವೇಶಪತ್ರದ ಯುಗವು ತರುವಾಯದ್ದು. ಅಖಿಲ ಭಾರತ ಚೆಸ್ ಫೆಡರೇಷನ್ನು 1951ರಲ್ಲಿ ಹುಟ್ಟಿತು; ಮೊದಲ ರಾಷ್ಟ್ರೀಯ ಪಂದ್ಯಾವಳಿಯು 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆಯಿತು. ಮುಂದೆ ಬಹುಕಾಲ ‘ನ್ಯಾಷನಲ್ ಬಿ’ ಎಂಬ ಜನಸಾಗರವನ್ನು ಈಜಿದವನಿಗೆ ಮಾತ್ರ ‘ನ್ಯಾಷನಲ್ ಎ’ ಎಂಬ ದ್ವೀಪವು ಲಭಿಸುತ್ತಿತ್ತು. ವರ್ಣಮಾಲೆಯನ್ನು ಹಿಂದುಮುಂದಾಗಿ ಕಲಿಯುವುದೇ ಆಗಿನ ಸಾಧನೆ. ಈಗ ರಾಜ್ಯದ ಆಯ್ಕೆ ಪಂದ್ಯಾವಳಿಯಲ್ಲಿ ಮೇಲಿನ ಸ್ಥಾನಗಳನ್ನು ಪಡೆದವರು ರಾಜ್ಯದ ಪರವಾಗಿ ಹೋಗುವರು. ಇದಲ್ಲದೆ ‘ಸ್ಪೆಷಲ್ ಎಂಟ್ರಿ’ ಎಂಬುದೊಂದುಂಟು. ಹೆಚ್ಚಿನ ಶುಲ್ಕವೇ ಅದರ ಲಕ್ಷಣ. ಜ್ಞಾನ, ಭಕ್ತಿ, ಕರ್ಮಗಳೆಂಬ ಮೂರೇ ಮಾರ್ಗಗಳನ್ನು ಹೇಳಿದ ಪ್ರಾಚೀನರಿಗೆ ಈ ನಾಲ್ಕನೆಯದು ಹೊಳೆಯದಿದ್ದುದು ಸೋಜಿಗ.

ರೇಟಿಂಗ್ ಎಂಬ ಉಪನಯನವನ್ನೂ ಇಲ್ಲಿ ಸ್ಮರಿಸಬೇಕು. ಆರ್ಪಾಡ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕನ ಗಣಿತವನ್ನು ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆಯು 1970ರಲ್ಲಿ ಅಂಗೀಕರಿಸಿದಂದಿನಿಂದ ಮನುಷ್ಯನ ಬುದ್ಧಿಗೆ ನಾಲ್ಕು ಅಂಕಿಗಳ ನಾಮಧೇಯವು ಅಂಟಿಕೊಂಡಿತು. 2024ರಿಂದ ಅದರ ತಳವು 1400; ಅದಕ್ಕೂ ಕೆಳಗಿಳಿದವನಿಗೆ ಸಂಖ್ಯೆಯೇ ಇಲ್ಲ, ಅವನು ನಿರ್ಗುಣ ಬ್ರಹ್ಮ.

ಆದರೆ ಅಧಿಕಾರಿ ಯಾರೆಂಬ ನನ್ನ ಸಿದ್ಧಾಂತದ ತಿರುಳು ಬೇರೆ; ಅದು ಆಯ್ಕೆ ಪಂದ್ಯಾವಳಿ ನಡೆಯುವ ಪದ್ಧತಿಯಲ್ಲಿದೆ. 1895ರಲ್ಲಿ ಜ್ಯೂರಿಚ್ ನಗರದಲ್ಲಿ ಮೊದಲು ಪ್ರಯೋಗಿಸಲ್ಪಟ್ಟುದರಿಂದ ಸ್ವಿಸ್ ಎಂದು ಹೆಸರಾದ ಪದ್ಧತಿಯಲ್ಲಿ ಯಾರೂ ಹೊರದೂಡಲ್ಪಡುವುದಿಲ್ಲ; ಗೆದ್ದವನು ಗೆದ್ದವನೊಡನೆಯೂ ಸೋತವನು ಸೋತವನೊಡನೆಯೂ ಕಡೆಯವರೆಗೂ ಆಡುತ್ತಿರುವರು. ಕೊನೆಗೆ ಇಬ್ಬರ ಅಂಕಗಳು ಸಮವಾದರೆ ಗತಿಯೇನು? 1932ರಲ್ಲಿ ಬ್ರೂನೋ ಬುಕೋಲ್ಟ್ಸ್ ಎಂಬ ಜರ್ಮನ್ ಮಹಾಶಯನು ಇದಕ್ಕೆ ಸೂತ್ರವನ್ನು ಹೊಸೆದನು: ನಿನ್ನೆದುರು ಆಡಿದವರೆಲ್ಲರೂ ಗಳಿಸಿದ ಅಂಕಗಳನ್ನು ಕೂಡು; ಯಾವನ ಮೊತ್ತವು ಹಿರಿದೋ ಅವನೇ ಮೇಲು. ಎಂದರೆ, ನೀನು ಎಂದೋ ಸೋಲಿಸಿ ಮರೆತವನು ಮುಂದೆ ಏನು ಮಾಡುವನೋ ಅದರ ಫಲವು ನಿನಗೆ. ನಮ್ಮ ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣುವನು. ಬುಕೋಲ್ಟ್ಸನ ದರ್ಶನದಲ್ಲಿ ಮಾಡುವವನು ಒಬ್ಬ, ಉಣ್ಣುವವನು ಮತ್ತೊಬ್ಬ.

ಇದಕ್ಕೆ ಪ್ರತ್ಯಕ್ಷ ಪ್ರಮಾಣವನ್ನು ಇಂದಿರಾನಗರದ ಒಂದು ಸಭಾಂಗಣದಲ್ಲಿ, ಒಂದು ಭಾನುವಾರದ ಅಪರಾಹ್ನ, ನಾನೇ ಕಂಡೆನು. ಒಂಬತ್ತು ಸುತ್ತುಗಳ ಆಯ್ಕೆ ಪಂದ್ಯಾವಳಿಯಲ್ಲಿ ಉಳಿದಿದ್ದುದು ಒಂದೇ ಸ್ಥಾನ. ಹಲಸೂರಿನ ಹುಡುಗನೊಬ್ಬನಿಗೂ ಶಿವಾಜಿನಗರದ ತರುಣನೊಬ್ಬನಿಗೂ ತಲಾ ಏಳು ಅಂಕ. ಇಬ್ಬರ ಆಟವೂ ಮುಗಿದು, ತರುಣನು ಹೊರಗಡೆ ನಿಶ್ಚಿಂತನಾಗಿ ಸಮೋಸ ತಿನ್ನುತ್ತಿದ್ದನು. ಏಕೆಂದರೆ ಬುಕೋಲ್ಟ್ಸ್ ಲೆಕ್ಕದಲ್ಲಿ ಹಲಸೂರಿನವನಿಗೆ ಅರ್ಧ ಅಂಕ ಕಡಮೆ; ಅದನ್ನು ತುಂಬಿಕೊಡಬಲ್ಲವನು, ಮೊದಲ ಸುತ್ತಿನಲ್ಲಿ ಅವನಿಂದಲೇ ಸೋತ, ಈಗ ಒಳಗೆ ಯಾವುದೋ ಮೂಲೆಯ ಹಲಗೆಯಲ್ಲಿ ಆನೆಯೊಂದನ್ನೂ ಕಾಲಾಳೊಂದನ್ನೂ ಹಿಡಿದುಕೊಂಡು ಆನೆಯೊಂದರ ಎದುರು ಒದ್ದಾಡುತ್ತಿದ್ದ ಕೆ.ಆರ್. ಪುರದ ಬಾಲಕನೊಬ್ಬನೇ.

ಹಲಸೂರಿನ ಹುಡುಗನ ತಂದೆಯವರು ನನ್ನ ತೋಳು ಹಿಡಿದರು. “ಸಾರ್, ಆ ಕೆ.ಆರ್. ಪುರದ ಮಗು ಏನ್ ಮಾಡ್ತಿದೆ, ಸ್ವಲ್ಪ ಇಣುಕಿ ನೋಡ್ತೀರಾ? ನಮ್ಮನ್ನ ಬಾಗಿಲ ಹತ್ರಾನೂ ಬಿಡ್ತಿಲ್ಲ.” ಮೊದಲ ಸುತ್ತಿನಲ್ಲಿ ಆ ಮಗುವಿನ ಮಂತ್ರಿಯು ಬಿದ್ದಾಗ ಕೈತಟ್ಟಿದವರು ಇವರೇ, ಈಗ ಅದರ ಕಾಲಾಳಿನ ಆಯುರಾರೋಗ್ಯಕ್ಕಾಗಿ ಸೋಮೇಶ್ವರನಿಗೆ ಹರಕೆ ಹೊತ್ತಿದ್ದರು. ಗಾಜಿನ ಕಿಂಡಿಯಲ್ಲಿ ಕಂಡುದು ಇಷ್ಟು: ಕುರ್ಚಿಯ ಮೇಲೆ ಮಂಡಿಯೂರಿ ಕುಳಿತ ಬಾಲಕ, ಅವನ ಮುಂದೆ ಮುಚ್ಚಳ ಬಿಗಿಯದ ನೀರಿನ ಬಾಟಲಿ, ಏಳನೆಯ ಸಾಲಿನಲ್ಲಿ, ಮಂತ್ರಿಯಾಗಲು ಒಂದೇ ಮನೆ ಉಳಿದು ನಿಂತ ಬಿಳಿಯ ಕಾಲಾಳು. ಎದುರಾಳಿಯು ಪಕ್ಕದಿಂದ ಷಹ ಕೊಡುವನು, ಬಾಲಕನ ರಾಜನು ಸರಿಯುವನು, ಅವನು ಮತ್ತೆ ಷಹ ಕೊಡುವನು. ತನ್ನ ಹೆಗಲ ಮೇಲೆ ಹಲಸೂರಿನದೊಂದು ಸಂಸಾರವು ಕುಳಿತಿರುವುದನ್ನರಿಯದ ಅವನು, ಮೂವತ್ತರ ಆಚೆಗಿನ ಯಾವುದೋ ಸ್ಥಾನಕ್ಕಾಗಿ ಇನ್ನೆಷ್ಟು ಹೊತ್ತು ಕೂರುವುದೆಂದು ಗಡಿಯಾರವನ್ನೊಮ್ಮೆ ನೋಡಿ, ಮೂಗೊರಸಿಕೊಂಡು, ಡ್ರಾ ಎಂದು ಕೈ ನೀಡಿದನು. ಎದುರಾಳಿಯು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡನು.

ಅರ್ಧ ಅಂಕ. ಬುಕೋಲ್ಟ್ಸೂ ಸಮವಾಯಿತು; ಇನ್ನು ಮುಂದಿನ ಸೂತ್ರದ ಸರದಿ. ತರುಣನು ಸಮೋಸವನ್ನು ಅರ್ಧಕ್ಕೇ ಬಿಟ್ಟು ಎದ್ದನು. ಆರ್ಬಿಟರು ಕನ್ನಡಕವನ್ನು ಮೇಲಕ್ಕೆ ಸರಿಸಿ, ಇನ್ನು ಸೊನ್ನೆಬಾರ್ನ್-ಬರ್ಗರ್ ನೋಡಬೇಕಾಗುತ್ತದೆಂದು ಸಾರಿದರು.

ತಂದೆಯವರ ಮುಖವು ಕಪ್ಪಿಟ್ಟಿತು. “ಅವರ್ಯಾರು ಸಾರ್? ನಮ್ಮ ಹುಡುಗ ಅವರಿಬ್ಬರ ಜೊತೆ ಆಡೇ ಇಲ್ವಲ್ಲ!”