ಮೂಗಿನ ಆಚೆ ಈಚೆ

ಕಣ್ಣುಗಳನ್ನು ಕುರಿತು ನಮ್ಮ ಕವಿಗಳು ಹೇಳದೆ ಉಳಿಸಿದ ಮಾತೇ ಇಲ್ಲವೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಕಮಲವನ್ನು ತಂದರು, ಮೀನನ್ನು ತಂದರು, ಬೆದರಿದ ಹರಿಣಿಯನ್ನೂ ತಂದರು. ಆದರೆ ನಾಯಿಕೆಯ ಒಂದು ಕಣ್ಣಿನ ಪಾಪೆಗೂ ಇನ್ನೊಂದರ ಪಾಪೆಗೂ ನಡುವೆ ಎಷ್ಟು ಮಿಲಿಮೀಟರ್ ಅಂತರವೆಂಬುದನ್ನು ಮಾತ್ರ ಒಬ್ಬ ಮಹಾಕವಿಯೂ ಬರೆದಿಟ್ಟಂತೆ ಕಾಣೆ. ಆ ಲೋಪವನ್ನು ತುಂಬಲು ಹೊರಟಿರುವುದು ಕನ್ನಡಕವನ್ನು ಮನೆಬಾಗಿಲಿಗೇ ಕಳುಹಿಸಿಕೊಡುವ ಆನ್‌ಲೈನ್ ಅಂಗಡಿ. ಹೆಸರು, ವಿಳಾಸ, ಪವರ್ ಎಲ್ಲ ಮುಗಿದ ತರುವಾಯ ‘ಪಿ.ಡಿ.’ ಎಂಬೊಂದು ಖಾಲಿ ಚೌಕ ಎದುರಾಗುತ್ತದೆ; ಪಾಪೆಗಳ ನಡುವಣ ದೂರವನ್ನು ಅಲ್ಲಿ ತುಂಬಿದ ಹೊರತು, ಹಣ ಕೈಯಲ್ಲಿ ಹಿಡಿದು ನಿಂತ ಗಿರಾಕಿಗೂ ಮುಂದಿನ ಬಾಗಿಲು ತೆರೆಯದು.

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ನನ್ನ ಅಣ್ಣನ ಮಗ, “ಕನ್ನಡಕಕ್ಕೋಸ್ಕರ ಹಿರಿಯೂರಿಗೆ ಬಸ್ಸು ಹತ್ತೋದ್ಯಾಕೆ ಚಿಕ್ಕಪ್ಪ, ಜೆ.ಜಿ. ಹಳ್ಳೀಲೇ ಕೂತು ತರಿಸೋಣ” ಎಂದವನೇ, ಮನೆಯ ಹುಡುಗಿಯ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ತೆಗೆದು ನನ್ನ ಹುಬ್ಬಿಗೆ ಒತ್ತಿ ಹಿಡಿದ. ಬಂದ ಅಂಕೆ 63. ವಯಸ್ಕರ ಸರಾಸರಿಯೂ ಸುಮಾರಾಗಿ ಅಷ್ಟೇ ಎಂದು ಫೋನಿನಲ್ಲಿ ನೋಡಿ ಹೇಳಿದಾಗ, ಜೀವಮಾನದಲ್ಲಿ ಯಾವುದಾದರೊಂದು ವಿಷಯದಲ್ಲಿ ನಾನು ಲೋಕಸಾಮಾನ್ಯನಾದೆನೆಂಬ ಸಮಾಧಾನವೂ ನನಗಾಯಿತು. ಒಂದು ಅಂಕೆಗೆ ಬದಲಾಗಿ ಎರಡನ್ನು ತುಂಬುವುದಕ್ಕೆ ಅಲ್ಲಿಯೇ ಬೇರೊಂದು ಚೌಕವಿದ್ದಿತು. ಆತನು ಅದನ್ನು ಅನಾವಶ್ಯಕವೆಂದು ದಾಟಿಬಿಟ್ಟ.

ಒಂದೇ ಅಂಕೆ ದೊರೆತರೆ ಅಂಗಡಿಯ ಗಣಿತ ಅದನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ: ಬಲಕ್ಕೆ 31.5, ಎಡಕ್ಕೆ 31.5. ವಿಧಾತನು ಮೂಗನ್ನು ದಾರ ಹಿಡಿದು ನೆಟ್ಟಿದ್ದಾನೆಂಬ ಅಚಲವಾದ ಶ್ರದ್ಧೆ ಅದಕ್ಕೆ. ನಮ್ಮೂರು ಹಿರಿಯೂರಿಗೂ ಶಿರಾಕ್ಕೂ ನಡುವೆ ಹೆದ್ದಾರಿಯ ಮೇಲಿದೆಯೆಂದ ಮಾತ್ರಕ್ಕೆ ಎರಡೂ ಕಡೆಗೆ ಒಂದೇ ಟಿಕೆಟ್ಟಿನ ದರ ಕೇಳುವ ಪ್ರಯಾಣಿಕನಿಗೆ ಕಂಡಕ್ಟರು ಏನು ಹೇಳುವನೋ, ನನ್ನ ಮೂಗೂ ಆ ಗಣಿತಕ್ಕೆ ಅದನ್ನೇ ಹೇಳಿತು.

ಸಾದಾ ಗಾಜಾಗಿದ್ದು, ಎರಡೂ ಕಣ್ಣುಗಳ ಪವರ್ ಸಮವಾಗಿದ್ದಲ್ಲಿ ಇಷ್ಟು ತೊಂದರೆಯಾಗುತ್ತಿರಲಿಲ್ಲ. ಒಟ್ಟು ಅಂತರ ಸರಿಯಿರುವ ತನಕ ಅಂಥ ಗಾಜು ಜಗತ್ತನ್ನೇ ಯತ್ಕಿಂಚಿತ್ ಒಂದು ಪಕ್ಕಕ್ಕೆ ಸರಿಸಿ ಸುಮ್ಮನಾಗುತ್ತದೆ. ನನ್ನದು ಪ್ರೋಗ್ರೆಸಿವ್. ಅದರಲ್ಲಿ ಮೇಲೆ ದೂರದ ನೋಟ, ಕೆಳಗೆ ಓದುವ ನೋಟ, ಇವೆರಡನ್ನೂ ಕೂಡಿಸುವುದಕ್ಕೆ ನಡುವೆ ಕೆಲವೇ ಮಿಲಿಮೀಟರ್ ಅಗಲದ ಒಂದು ಓಣಿ. ಓಣಿಯ ಇಕ್ಕೆಲದಲ್ಲಿಯೂ ಮಸುಕು. ಪಾಪೆ ಆ ಓಣಿಯಲ್ಲಿಯೇ ಇಳಿಯಬೇಕು. ನನ್ನ ಎರಡು ಪಾಪೆಗಳೂ ಅದರ ಬಲಪಕ್ಕದ ಗೋಡೆಗೆ ಒರಸಿಕೊಂಡು ಇಳಿಯುತ್ತಿದ್ದುದರಿಂದ, ಪತ್ರಿಕೆ ಓದಬೇಕಾದರೆ ಮುಖವನ್ನು ಕೊಂಚ ಬಲಕ್ಕೆ ತಿರುಗಿಸಿ ಕಣ್ಣುಗಳನ್ನು ಎಡಕ್ಕೆ ಹಾಯಿಸಬೇಕಾಗುತ್ತಿತ್ತು. ಇದರ ಪರಿಣಾಮವಾಗಿ, ಚಹದಂಗಡಿಯ ಬೆಂಚಿನ ಮೇಲೆ ನನ್ನ ಎಡಕ್ಕೆ ಕುಳಿತವರು ತಮ್ಮನ್ನು ಓರೆಗಣ್ಣಿನಿಂದ ನೋಡುತ್ತೇನೆಂದು ಮುನಿಸಿಕೊಂಡರು. ಬಲಕ್ಕೆ ಕುಳಿತವರು ತಮ್ಮ ಗುಟ್ಟುಗಳಿಗೆ ಕಿವಿಗೊಡುತ್ತೇನೆಂದು ದನಿ ತಗ್ಗಿಸಿದರು.

ಕನ್ನಡಕ ನಮ್ಮ ಸೀಮೆಗೆ ಹೊಸದೇನಲ್ಲ. ವಿಜಯನಗರದ ಕಾಲದ ವ್ಯಾಸರಾಯರು ಅದನ್ನು ಧರಿಸಿ ಗ್ರಂಥಾವಲೋಕನ ಮಾಡುತ್ತಿದ್ದರೆಂಬುದನ್ನು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದ ಆಧಾರದಿಂದ ವಿದ್ವಾಂಸರಾದ ಪಿ.ಕೆ. ಗೋಡೆಯವರು ತೋರಿಸಿಕೊಟ್ಟಿದ್ದಾರೆ. ಆದರೆ ಅಂದಿನ ಗಾಜಿಗೆ ಓಣಿಯಿರಲಿಲ್ಲ. ಇದ್ದದ್ದು ಒಂದೇ ಪವರ್. ಮೂಗಿನ ಮೇಲೆ ಕೊಂಚ ಆಚೀಚೆ ಕುಳಿತರೂ ತಾಳೆಗರಿಯ ಅಕ್ಷರಕ್ಕೆ ಭಂಗ ಬರುತ್ತಿರಲಿಲ್ಲ.

ಕಡೆಗೆ ಹಿರಿಯೂರಿನ ಬಸ್ಸನ್ನೇ ಹತ್ತಬೇಕಾಯಿತು. ಅಲ್ಲಿ ಕಣ್ಣು ಪರೀಕ್ಷಿಸುವ ತರುಣನು ಎರಡು ಕಂಡಿಗಳ ಯಂತ್ರವೊಂದನ್ನು ನನ್ನ ಮೂಗಿಗೆ ಒರಗಿಸಿ, ಒಳಗಿನ ಬೆಳಕಿನ ಚುಕ್ಕೆಯನ್ನು ನೋಡುತ್ತಿರುವಂತೆ ಹೇಳಿ, ಒಂದೊಂದು ಪಾಪೆಗೂ ಬೇರೆ ಬೇರೆಯಾಗಿ ಗೆರೆಯನ್ನು ಸರಿಸಿ ನಿಲ್ಲಿಸಿದ. “ಬಲಗಡೆ 33, ಎಡಗಡೆ 30 ಸಾರ್. ಕೂಡಿದ್ರೆ 63 ಸರೀನೇ. ಮುಖ ಯಾರದ್ದೂ ಪೂರ್ತಿ ಸಮ ಇರಲ್ಲ ಬಿಡಿ” ಎಂದು ಸಂತೈಸಿದ. ಈ ಆವಿಷ್ಕಾರವನ್ನು ಮನೆಯಲ್ಲಿ ಗಂಭೀರವಾಗಿ ನಿವೇದಿಸಿದಾಗ ನನ್ನಾಕೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆಯೇ, “ನಿಮ್ಮ ಮೂಗು ಎಡಕ್ಕಿದೆ ಅನ್ನೋದು ನನಗೆ ಮೊದಲಿಂದ ಗೊತ್ತು. ಕೇಳಿದ್ರೆ ಹೇಳ್ತಿದ್ದೆ” ಎಂದಳು.

ಆದುದರಿಂದ ಕನ್ನಡಕವನ್ನು ಮನೆಯಲ್ಲಿ ಕುಳಿತು ತರಿಸಬಯಸುವ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ತರಿಸಿ, ಅಡ್ಡಿಯಿಲ್ಲ, ಆದರೆ ಕಣ್ಣು ಪರೀಕ್ಷಿಸಿದವರಿಂದ ಬಲಕ್ಕೊಂದು, ಎಡಕ್ಕೊಂದು ಎಂದು ಎರಡು ಅಂಕೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಎದ್ದು ಬರಬೇಡಿ, ಎರಡನ್ನೂ ಬರೆಯಲು ಜಾಗ ಕೊಡದ ಅಂಗಡಿಯಿಂದ ಪ್ರೋಗ್ರೆಸಿವ್ ಗಾಜನ್ನಂತೂ ಖಂಡಿತ ಕೊಳ್ಳಬೇಡಿ.